ಪ್ರಿಗ್ಯಾಬಲಿನ್ 75: ನೋವಿಗೆ ಕೆಲಸ ಮಾಡುತ್ತದೆ, ಆದರೆ ಕೈಕಾಲು ಎಗರತೊಡಗಿದರೆ ಮೊದಲು ಮಾತ್ರೆ ಡಬ್ಬಿ ತೆಗೆದು ನೋಡಿ

ನರದ ನೋವಿಗೆ ಡಾಕ್ಟರು ಬರೆದುಕೊಡುವ ಪ್ರಿಗ್ಯಾಬಲಿನ್ ಕ್ಯಾಪ್ಸೂಲ್ ಬಗ್ಗೆ ಬರೆಯುತ್ತಿದ್ದೇನೆ. ಯಾವುದೋ ಒಂದು ಕಂಪನಿಯ ಮಾಲಿನ ಬಗ್ಗೆ ಅಲ್ಲ, ಔಷಧಿಯ ಬಗ್ಗೆಯೇ. ಹತ್ತಾರು ಕಂಪನಿಗಳು ಹತ್ತಾರು ಹೆಸರಲ್ಲಿ ಇದನ್ನು ಮಾರುತ್ತವೆ, ಒಳಗಿರುವ ಪುಡಿ ಒಂದೇ. ನಮ್ಮಮ್ಮ ಇದನ್ನು ಜಾಸ್ತಿ ಡೋಸಲ್ಲೂ ತೆಗೆದುಕೊಂಡಿದ್ದಾರೆ, ಈಗ ಸಣ್ಣ ಡೋಸಲ್ಲೂ ತೆಗೆದುಕೊಳ್ಳುತ್ತಿದ್ದಾರೆ. ಹಾಗಾಗಿ ಎರಡನ್ನೂ ನೋಡಿದವಳಾಗಿ ಹೇಳುತ್ತಿದ್ದೇನೆ.

ನೋವು ಕಡಿಮೆ ಮಾಡುವ ವಿಷಯದಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ. ಇದನ್ನು ನಮ್ಮ ಕಡೆ ಬರೆದುಕೊಡುವ ರೀತಿಗೆ, ಅಂಗಡಿಯಲ್ಲಿ ಮಾರುವ ರೀತಿಗೆ, ಏನೂ ಹೇಳದೆ ಕೈಗೆ ಸ್ಟ್ರಿಪ್ ಇಟ್ಟು ಕಳಿಸುವ ರೀತಿಗೆ ಒಂದೇ ಒಂದು. ವಯಸ್ಸಾದವರು, ಶುಗರ್ ಇರುವವರು, ಕಿಡ್ನಿ ಸ್ವಲ್ಪ ಹಿಂದೆ ಬಿದ್ದಿರುವವರು ಮನೆಯಲ್ಲಿದ್ದರೆ ದಯವಿಟ್ಟು ಕೊನೆಯವರೆಗೂ ಓದಿ.

ಅಮ್ಮನಿಗೆ ಎಪ್ಪತ್ತು ವರ್ಷ, ತೂಕ 52 ಕೆಜಿ. ಶುಗರ್ ಬಹಳ ಹಿಂದಿನಿಂದ ಇದೆ. ಎದೆಯ ಎಡಭಾಗದಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಿತು. ನಮ್ಮೂರ ಕಡೆ ಸರ್ಪಸುತ್ತು ಅಂದರೆ ಇವತ್ತಿಗೂ ಕೆಮ್ಮಣ್ಣು ಹಚ್ಚುತ್ತಾರೆ, ಹೆಡೆ ಬಾಲ ಕೂಡಬಾರದು ಅಂತ ಹೆದರುತ್ತಾರೆ. ಅದು ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ಅಡಗಿ ಕೂತು, ವಯಸ್ಸಾಗಿ ಮೈ ಸೋತಾಗ ಮತ್ತೆ ಏಳುವುದು. ಗುಳ್ಳೆ ಎದ್ದ ಮೂರು ದಿನದೊಳಗೆ ವೈರಸ್ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಗುಳ್ಳೆ ಒಣಗಿತು, ಕಲೆ ಉಳಿಯಿತು. ನೋವು ಹೋಗಲಿಲ್ಲ.

ಆ ನೋವು ನೋಡದವರಿಗೆ ಹೇಳಿದರೆ ನಂಬುವುದಿಲ್ಲ. ರವಿಕೆ ಬಟ್ಟೆ ತಗುಲಿದರೆ ಉರಿ. ಫ್ಯಾನ್ ಗಾಳಿ ಬಡಿದರೆ ಚುರುಕ್ ಅನ್ನುತ್ತದೆ. ಅಮ್ಮ ರಾತ್ರಿಯೆಲ್ಲ ಸೆರಗನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರು. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಏನೂ ಮಾಡುವುದಿಲ್ಲ, ಏಕೆಂದರೆ ಗಾಯ ಇರುವುದು ಚರ್ಮದಲ್ಲಲ್ಲ, ನರದಲ್ಲಿ. ಶುಗರ್ ಇರುವವರ ಅಂಗಾಲು ಉರಿಯೂ ಇದೇ ಜಾತಿಯದು.

ಚರ್ಮದ ಡಾಕ್ಟರು ರಾತ್ರಿಗೆ ಒಂದು ಪ್ರಿಗ್ಯಾಬಲಿನ್ 75 (ಅಂದರೆ 75 ಮಿಲಿಗ್ರಾಂ) ಬರೆದರು. ಒಂದು ವಾರದೊಳಗೆ ಅಮ್ಮ ಮಲಗಿ ನಿದ್ದೆ ಮಾಡಿದರು. ಉರಿ ಪೂರ್ತಿ ಹೋಗಲಿಲ್ಲ, ಆದರೆ ಸೀರೆ ಉಟ್ಟುಕೊಂಡು ದೇವಸ್ಥಾನಕ್ಕೆ ಹೋಗಿ ಬರುವಷ್ಟಾಯಿತು. ಇದನ್ನು ನಾನು ಮರೆಯುವುದಿಲ್ಲ. ಈ ಔಷಧಿಯನ್ನು ವಿಷ ಅಂತ ಬರೆಯುವವರ ಜೊತೆ ನಾನಿಲ್ಲ.

ಸ್ವಲ್ಪ ಇದರ ಹಿನ್ನೆಲೆ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಬೇಕು. ಇದಕ್ಕೊಂದು ಅಣ್ಣ ಇದೆ, ಗ್ಯಾಬಪೆಂಟಿನ್. ಅಮೆರಿಕದಲ್ಲಿ 1993ರಲ್ಲಿ ಫಿಟ್ಸ್‌ಗೆ ಅಂತ ಒಪ್ಪಿಗೆ ಸಿಕ್ಕಿತು, ಸರ್ಪಸುತ್ತಿನ ನಂತರದ ನೋವಿಗೆ 2002ರಲ್ಲಿ. ಪ್ರಿಗ್ಯಾಬಲಿನ್ ಬಂದಿದ್ದು 2004ರ ಕೊನೆಗೆ, ಶುಗರ್ ನರನೋವು ಮತ್ತು ಸರ್ಪಸುತ್ತಿನ ನೋವು ಎರಡಕ್ಕೂ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಹೋಗುವ ಬಾಗಿಲುಗಳಿರುತ್ತವೆ. ಈ ಎರಡೂ ಔಷಧಿ ಆ ಬಾಗಿಲಿನ ಒಂದು ಭಾಗಕ್ಕೆ ಅಂಟಿಕೊಂಡು, ಕೆರಳಿದ ನರ ಕಳಿಸುವ ಸುದ್ದಿಯನ್ನು ತಗ್ಗಿಸುತ್ತವೆ. ನೋವು ಮಾತ್ರ ತಗ್ಗಿದರೆ ಸರಿ. ಆದರೆ ಮೆದುಳಿಗೂ ಇದು ಹೋಗುತ್ತದೆ ಅಲ್ವಾ? ಅದಕ್ಕೇ ತಲೆಸುತ್ತು, ಮಂಪರು. ಔಷಧಿ ಜೊತೆ ಬರುವ ಅಮೆರಿಕದ ಅಧಿಕೃತ ಮಾಹಿತಿ ಚೀಟಿಯಲ್ಲೇ (ಲೇಬಲ್) ಇದೆ: ಪರೀಕ್ಷೆಗಳಲ್ಲಿ ಪ್ರಿಗ್ಯಾಬಲಿನ್ ತೆಗೆದುಕೊಂಡ ನೂರರಲ್ಲಿ 30 ಜನಕ್ಕೆ ತಲೆಸುತ್ತು, 23 ಜನಕ್ಕೆ ಮಂಪರು. ಸುಮ್ಮನೆ ಸಕ್ಕರೆ ಗುಳಿಗೆಯಂಥದ್ದು ತೆಗೆದುಕೊಂಡವರಲ್ಲಿ ಎರಡೂ ತಲಾ 8. ಇಷ್ಟನ್ನಾದರೂ ಬರೆದುಕೊಡುವಾಗ ಹೇಳಬೇಕಿತ್ತು. ಯಾರೂ ಹೇಳಲಿಲ್ಲ.

ಈಗ ಕೈಕಾಲು ಎಗರಿದ ವಿಷಯಕ್ಕೆ ಬರುತ್ತೇನೆ.

ಅಮ್ಮ ಸಂಜೆ ಹೊತ್ತು ಹೂ ಕಟ್ಟುತ್ತಾರೆ. ನೆನೆಸಿದ ಬಾಳೆನಾರು, ಮಡಿಲಲ್ಲಿ ಮಲ್ಲಿಗೆ ಮೊಗ್ಗು. ಎಡಗೈ ಬೆರಳ ಮೇಲೆ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಇಟ್ಟು, ನಾರು ಸುತ್ತಿ, ಕುಣಿಕೆ ಎಳೆಯುವ ಹೊತ್ತಿಗೆ ಕೈ ಫಟ್ಟಂತ ಮೇಲಕ್ಕೆ ಹಾರುತ್ತಿತ್ತು. ಮೊಗ್ಗುಗಳು ಚೆಲ್ಲಾಪಿಲ್ಲಿ. ಮತ್ತೆ ಇಡುವುದು, ಮತ್ತೆ ಹಾರುವುದು. ಅಮ್ಮ ಗಾಬರಿಯಾಗಿ ಕೈಯನ್ನೇ ನೋಡುತ್ತಿದ್ದರು. "ನಾನು ಎತ್ತಲಿಲ್ಲ ಕಣೇ, ಅದೇ ಎತ್ತಿಕೊಳ್ಳುತ್ತೆ" ಅನ್ನುತ್ತಿದ್ದರು.

ಇದು ನಡುಕ ಅಲ್ಲ. ನಡುಕ ಒಂದೇ ಸಮನೆ ಇರುತ್ತದೆ. ಇದು ಒಂದು ಕ್ಷಣದ್ದು. ನಿದ್ದೆ ಹತ್ತುವಾಗ ನಮಗೆಲ್ಲ ಮೈ ಒಮ್ಮೆ ಬೆಚ್ಚುತ್ತದಲ್ಲ, ಅದೇ ಎಚ್ಚರವಿದ್ದಾಗ, ಮತ್ತೆ ಮತ್ತೆ, ಯಾವ ಹೊತ್ತಲ್ಲಾದರೂ. ಡಾಕ್ಟರುಗಳು ಇದಕ್ಕೆ ಮಯೋಕ್ಲೋನಸ್ ಅನ್ನುತ್ತಾರೆ. ಕಾಫಿ ಲೋಟ ಹಿಡಿದಾಗ ಅರ್ಧ ಕಾಫಿ ಸೀರೆ ಮೇಲೆ. ಅನ್ನ ಕಲಸುವಾಗ ತುತ್ತು ಗೋಡೆಗೆ. ನೆಂಟರ ಮುಂದೆ ಕೂತು ಊಟ ಮಾಡುವುದನ್ನೇ ಬಿಟ್ಟರು.

ಅದರ ಜೊತೆ ಇನ್ನೊಂದು ಥರದ್ದೂ ಇತ್ತು. ಇದು ನೋಡಲು ಸಣ್ಣದು, ಅಪಾಯ ದೊಡ್ಡದು. ನಿಂತಿದ್ದವರು ಇದ್ದಕ್ಕಿದ್ದಂತೆ ಮಂಡಿ ಕಳಚಿದ ಹಾಗೆ ಕುಸಿಯುತ್ತಿದ್ದರು. ಸ್ನಾಯು ಎಗರುವುದು ಒಂದು ಬಗೆಯಾದರೆ, ಬಿಗಿಯಾಗಿ ನಿಂತಿದ್ದ ಸ್ನಾಯು ಒಂದು ಕ್ಷಣ ಕೈಬಿಡುವುದು ಇನ್ನೊಂದು ಬಗೆ. ಬಚ್ಚಲ ಬಾಗಿಲಲ್ಲಿ ಹಾಗಾದಾಗ ಚೌಕಟ್ಟು ಹಿಡಿದುಕೊಂಡಿದ್ದಕ್ಕೆ ಬಚಾವಾದರು. ಈ ವಯಸ್ಸಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಎಲ್ಲರೂ ಒಂದೊಂದು ಹೇಳಿದರು. ದೊಡ್ಡಮ್ಮ ದೃಷ್ಟಿ ತೆಗೆಸು ಅಂದರು. ಪಕ್ಕದ ಮನೆಯವರು ನಿಶ್ಶಕ್ತಿ, ಗ್ಲೂಕೋಸ್ ಹಾಕಿಸಿ ಅಂದರು. ಅಣ್ಣ ಇದು ಫಿಟ್ಸ್ ಇರಬೇಕು ಅಂತ ತಲೆಯ ಇಇಜಿ ಮಾಡಿಸಿದ, ಫಿಟ್ಸ್‌ನ ಸುಳಿವು ಬರಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ಅಮ್ಮನನ್ನು ಎರಡು ಹೆಜ್ಜೆ ನಡೆಸಿ ನೋಡಿ ಪಾರ್ಕಿನ್ಸನ್ ಶುರುವಾಗಿದೆ ಅಂತ ಅದರ ಮಾತ್ರೆ ಬರೆದುಬಿಟ್ಟರು. ಏನೇನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಒಂದು ಮಾತು ಕೇಳಲಿಲ್ಲ. ಇದು ನನಗೆ ಈಗಲೂ ಸಿಟ್ಟು ಬರಿಸುತ್ತದೆ. ಒಂದು ಮಾತ್ರೆಯಿಂದ ಬಂದ ತೊಂದರೆಯನ್ನು ಹೊಸ ಕಾಯಿಲೆ ಅಂದುಕೊಂಡು ಅದಕ್ಕೆ ಇನ್ನೊಂದು ಮಾತ್ರೆ, ಅದರಿಂದ ಬಂದ ತೊಂದರೆಗೆ ಮತ್ತೊಂದು. ವಯಸ್ಸಾದವರ ಮಾತ್ರೆ ಡಬ್ಬಿ ತುಂಬುವುದೇ ಹೀಗೆ.

ಕೊನೆಗೆ ತುಮಕೂರಿನಲ್ಲಿ ಒಬ್ಬ ಫಿಜಿಶಿಯನ್ ಹತ್ತಿರ ಹೋದೆವು. ವಯಸ್ಸಿನಲ್ಲಿ ಚಿಕ್ಕವರು. "ಅಮ್ಮಾ, ಎರಡೂ ಕೈ ಮುಂದೆ ಚಾಚಿ, ಬಸ್ ನಿಲ್ಲಿಸೋಕೆ ಕೈ ತೋರಿಸ್ತೀರಲ್ಲ ಹಾಗೆ ಅಂಗೈ ಮೇಲೆ ಮಾಡಿ ಹಿಡ್ಕೊಳ್ಳಿ" ಅಂದರು. ಅಮ್ಮ ಹಿಡಿದರು. ಸ್ವಲ್ಪ ಹೊತ್ತಿಗೆ ಅಂಗೈಗಳು ತಾವಾಗಿಯೇ ಕೆಳಕ್ಕೆ ಬಿದ್ದು ಮತ್ತೆ ಎದ್ದವು. ಬಿದ್ದು, ಎದ್ದು. ಡಾಕ್ಟರು ತಕ್ಷಣ ಕೇಳಿದ್ದು ಒಂದೇ: "ಮಾತ್ರೆ ಎಲ್ಲ ತಂದಿದ್ದೀರಾ?"

ತಂದಿದ್ದೆವು. ಟೇಬಲ್ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿದರು. ಅಲ್ಲಿ ಸಿಕ್ಕಿತು. ಚರ್ಮದ ಡಾಕ್ಟರು ಬರೆದ ಪ್ರಿಗ್ಯಾಬಲಿನ್ 75 ಒಂದು. ಬೆನ್ನುನೋವಿಗೆ ಅಂತ ಮೂಳೆ ಡಾಕ್ಟರು ಬರೆದ "ನರದ ಶಕ್ತಿ ಮಾತ್ರೆ" ಇನ್ನೊಂದು. ಅದರ ಹೆಸರೇ ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಒಳಗಿರುವುದು ಪ್ರಿಗ್ಯಾಬಲಿನ್ 75, ಜೊತೆಗೆ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12 ವಿಟಮಿನ್. ಅಂದರೆ ಬೆಳಗ್ಗೆ ಒಂದು ಹೆಸರಲ್ಲಿ 75, ರಾತ್ರಿ ಇನ್ನೊಂದು ಹೆಸರಲ್ಲಿ 75. ದಿನಕ್ಕೆ 150.

150 ಅಂದರೆ ದೊಡ್ಡ ಡೋಸ್ ಅಲ್ಲ ಅಂತ ನಿಮಗೆ ಯಾರಾದರೂ ಹೇಳಬಹುದು. ಕಿಡ್ನಿ ಚೆನ್ನಾಗಿರುವವರಿಗೆ ಅದು ನಿಜ. ಅವರಿಗೆ ಶುರುವಿನ ಡೋಸೇ ದಿನಕ್ಕೆ 150. ಆದರೆ ಈ ಔಷಧಿಯ ಒಂದು ಗುಣ ತಿಳಿದುಕೊಳ್ಳಬೇಕು. ಲಿವರ್ ಇದನ್ನು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ. ನುಂಗಿದ್ದರಲ್ಲಿ ನೂರಕ್ಕೆ ತೊಂಬತ್ತಷ್ಟು ಹೇಗಿತ್ತೋ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಹೊರಹೋಗಲು ಇರುವ ದಾರಿ ಕಿಡ್ನಿ ಒಂದೇ. ಕಿಡ್ನಿ ಅರ್ಧ ಕೆಲಸ ಮಾಡಿದರೆ ಔಷಧಿಯೂ ಅರ್ಧ ವೇಗದಲ್ಲಿ ಹೊರಹೋಗುತ್ತದೆ. ಇವತ್ತಿನದು ಹೋಗುವ ಮೊದಲೇ ನಾಳೆಯದು ಬಂದು ಸೇರುತ್ತದೆ.

ಗ್ಯಾಬಪೆಂಟಿನ್ ಕೂಡ ಹಾಗೆಯೇ. ಕಿಡ್ನಿ ಚೆನ್ನಾಗಿದ್ದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಐದರಿಂದ ಏಳು ಗಂಟೆ ಸಾಕು. ಮೂತ್ರವೇ ಬಾರದ ರೋಗಿಯಲ್ಲಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, ಅದಕ್ಕೆ 132 ಗಂಟೆ ಬೇಕು. ಐದು ದಿನಕ್ಕಿಂತ ಜಾಸ್ತಿ! ಡಯಾಲಿಸಿಸ್ ಮಾಡುವಾಗ ನಾಲ್ಕು ಗಂಟೆಯೊಳಗೆ ಅರ್ಧ ಹೋಗುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಈ ಎಗರಾಟ, ಮಂಕು, ತೊದಲು ಮಾತು ಕಾಣಿಸಿಕೊಂಡರೆ ಡಾಕ್ಟರು ಈ ಎರಡು ಔಷಧಿಗಳ ಬಗ್ಗೆ ವಿಚಾರಿಸುವುದು ಅದಕ್ಕೇ.

ಅಮ್ಮನ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ಏರುತ್ತದೆ) 1.6 ಇತ್ತು. ಲ್ಯಾಬ್ ರಿಪೋರ್ಟಲ್ಲಿ ಅದರ ಪಕ್ಕ ಒಂದು ಸಣ್ಣ ಗುರುತು ಅಷ್ಟೇ, ನೋಡಿದವರೆಲ್ಲ "ಸ್ವಲ್ಪ ಜಾಸ್ತಿ, ನೀರು ಕುಡೀರಿ" ಅಂದಿದ್ದರು. ಈ ಡಾಕ್ಟರು ಅಲ್ಲೇ ಚೀಟಿಯ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಅನ್ನುವವರು 1976ರಲ್ಲಿ ಕೊಟ್ಟ ಸೂತ್ರ, ಇವತ್ತಿಗೂ ಔಷಧಿ ಡೋಸಿಗೆ ಬಳಸುತ್ತಾರಂತೆ. 140ರಿಂದ ವಯಸ್ಸು ಕಳೆಯಿರಿ. ಬಂದಿದ್ದನ್ನು ತೂಕದಿಂದ ಗುಣಿಸಿ. ಅದನ್ನು ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಿ. ಅಮ್ಮನದು 70 ಗುಣಿಸು 52, ಅಂದರೆ 3640. ಭಾಗಿಸು 115. ಅದರ 0.85. ಬಂದಿದ್ದು ಸುಮಾರು 27. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಶುದ್ಧ ಮಾಡುತ್ತದೆ ಅನ್ನುವ ಅಂದಾಜು ಇದು.

60ಕ್ಕಿಂತ ಮೇಲಿದ್ದರೆ ಪೂರ್ತಿ ಡೋಸ್ ಕೊಡಬಹುದು. 30ರಿಂದ 60 ಇದ್ದರೆ ಅರ್ಧ. 15ರಿಂದ 30ರೊಳಗೆ ಇದ್ದರೆ ಕಾಲು ಭಾಗ. ಅಮ್ಮ ಇರುವುದು ಕಾಲು ಭಾಗದವರ ಸಾಲಿನಲ್ಲಿ. ಅಂದರೆ ಅವರು ನುಂಗುತ್ತಿದ್ದ 150, ಕಿಡ್ನಿ ಚೆನ್ನಾಗಿರುವ ಮನುಷ್ಯ 600 ನುಂಗಿದ ಹಾಗೆ. ಶುಗರ್ ನರನೋವಿಗೆ ಅಮೆರಿಕದ ಲೇಬಲ್ ಹೇಳುವ ಗರಿಷ್ಠ ಡೋಸೇ ದಿನಕ್ಕೆ 300. ಈ ಲೆಕ್ಕ ನೋಡಿ ನನಗೆ ಕೈಕಾಲು ತಣ್ಣಗಾಯಿತು. ಎರಡು ನಿಮಿಷದ ಲೆಕ್ಕ ಇದು. ವಯಸ್ಸು, ತೂಕ, ಕ್ರಿಯಾಟಿನಿನ್ ಮೂರೂ ಎಲ್ಲರ ಕಣ್ಣ ಮುಂದೆಯೇ ಇದ್ದವು.

ಹಾಗಂತ ಕೈ ಎಗರಿದರೆ ಎಲ್ಲ ಈ ಮಾತ್ರೆಯದೇ ತಪ್ಪು ಅಂತ ತೀರ್ಮಾನ ಮಾಡಬೇಡಿ. ಅಂಗೈ ಬಿದ್ದು ಏಳುವುದು ಲಿವರ್ ಕೆಟ್ಟಾಗಲೂ ಬರುತ್ತದೆ, ಕಿಡ್ನಿಯೇ ಪೂರ್ತಿ ಸೋತು ವಿಷ ತುಂಬಿಕೊಂಡಾಗಲೂ ಬರುತ್ತದೆ, ರಕ್ತದಲ್ಲಿ ಸೋಡಿಯಂ ಏರುಪೇರಾದಾಗ, ಶುಗರ್ ತೀರ ಇಳಿದಾಗಲೂ ಮೈ ಅದುರಬಹುದು. ಆ ಡಾಕ್ಟರು ಇವೆಲ್ಲಕ್ಕೂ ರಕ್ತ ಪರೀಕ್ಷೆ ಮಾಡಿಸಿದರು. ಸರ್ಪಸುತ್ತಿಗೆ ಕೊಟ್ಟ ವೈರಸ್ ಮಾತ್ರೆ ಇನ್ನೂ ನಡೆಯುತ್ತಿದೆಯಾ ಅಂತಲೂ ಕೇಳಿದರು. ಅಸೈಕ್ಲೋವಿರ್, ವಾಲಸೈಕ್ಲೋವಿರ್ ಕೂಡ ಕಿಡ್ನಿ ದಾರಿಯಲ್ಲೇ ಹೋಗುವಂಥವು. ಡೋಸ್ ಇಳಿಸದಿದ್ದರೆ ಅವೂ ಇದೇ ಥರ ಎಗರಾಟ, ಬಡಬಡಿಕೆ ತರಬಲ್ಲವು. ಅಮ್ಮನದು ಆ ಕೋರ್ಸ್ ಯಾವತ್ತೋ ಮುಗಿದಿತ್ತು.

ಕಿಡ್ನಿ ಸರಿ ಇದ್ದವರಿಗೆ ಇದು ಬರುವುದೇ ಇಲ್ಲವಾ? ಬರಬಹುದು, ಕಡಿಮೆ. ಡೋಸ್ ಏರಿಸಿದ ಮೇಲೆ, ಅಥವಾ ಇನ್ನೊಂದು ಔಷಧಿ ಜೊತೆಗೆ ಸೇರಿದಾಗ ಕಾಣಿಸಿಕೊಂಡ ಉದಾಹರಣೆಗಳಿವೆ. ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನಿಸಿದ್ದು ಇನ್ನೊಂದು. ಇದು ಫಿಟ್ಸ್‌ಗೂ ಕೊಡುವ ಔಷಧಿ. ಆದರೆ ಮೈ ಎಗರುವ ಜಾತಿಯ ಕೆಲವು ಫಿಟ್ಸ್‌ನಲ್ಲಿ ಇದು ಎಗರಾಟವನ್ನು ಇನ್ನೂ ಹೆಚ್ಚಿಸಬಹುದು, ಹಾಗಾಗಿ ಅಂಥವರಿಗೆ ಕೊಡುವುದಿಲ್ಲ.

ಡೋಸ್ ಇಳಿಸಿದ್ದು ಹೇಗೆ ಅಂತ ಹೇಳುತ್ತೇನೆ, ಏಕೆಂದರೆ ಇಲ್ಲಿ ಜನ ಇನ್ನೊಂದು ಅಪಾಯಕ್ಕೆ ಬೀಳುತ್ತಾರೆ. ಮಾತ್ರೆಯಿಂದ ತೊಂದರೆ ಅಂತ ಗೊತ್ತಾದ ಕೂಡಲೇ ಸ್ಟ್ರಿಪ್ ಎತ್ತಿ ಕಸದ ಬುಟ್ಟಿಗೆ ಹಾಕುವುದು. ಹಾಗೆ ಮಾಡಬೇಡಿ. ಸುಮಾರು ದಿನ ತೆಗೆದುಕೊಂಡು ದಿಢೀರಂತ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಹೊಟ್ಟೆ ತೊಳಸುತ್ತದೆ, ಬೇಧಿ, ತಲೆನೋವು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಕನಿಷ್ಠ ಒಂದು ವಾರದಲ್ಲಿ ಮೆಲ್ಲಗೆ ಇಳಿಸಬೇಕು ಅಂತ ಲೇಬಲ್ ಹೇಳುತ್ತದೆ. ಎಷ್ಟು ಬೇಗ, ಎಷ್ಟು ಇಳಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು, ಏಕೆಂದರೆ ರೋಗಿ ಮಾತು ತೊದಲುತ್ತಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ ಅದರ ದಾರಿಯೇ ಬೇರೆ, ಆಗ ಕಾಯಬಾರದು, ಆಸ್ಪತ್ರೆಗೇ ಓಡಬೇಕು.

ಅಮ್ಮನಿಗೆ ಮೊದಲು ಬೆಳಗಿನ ಜೋಡಿ ಮಾತ್ರೆ ನಿಲ್ಲಿಸಿದರು. ಆಮೇಲೆ ರಾತ್ರಿಯದನ್ನು 75ರಿಂದ 50ಕ್ಕೆ, ಅಲ್ಲಿಂದ 25ಕ್ಕೆ ತಂದರು. ಎಗರಾಟ ಇಳಿಯತೊಡಗಿದ್ದು ಕೆಲವೇ ದಿನಗಳಲ್ಲಿ ಕಂಡಿತು. ಮೊದಲು ಮಂಡಿ ಕುಸಿಯುವುದು ನಿಂತಿತು. ಆಮೇಲೆ ಕೈ. ಹೂ ಕಟ್ಟುವಾಗ ಒಂದು ಮೊಳಕ್ಕೆ ಒಂದು ಸಲ, ಆಮೇಲೆ ಒಂದು ಮಾರಿಗೆ ಒಂದು ಸಲ, ಆಮೇಲೆ ಇಲ್ಲವೇ ಇಲ್ಲ. ಪಾರ್ಕಿನ್ಸನ್ ಮಾತ್ರೆಯನ್ನು ಶುರು ಮಾಡಿರಲೇ ಇಲ್ಲ, ಅದೊಂದು ಪುಣ್ಯ. ನೋವು ಸ್ವಲ್ಪ ತಿರುಗಿ ಬಂತು, ಸುಳ್ಳು ಹೇಳುವುದಿಲ್ಲ. ಉರಿ ಇರುವ ಜಾಗಕ್ಕೆ ಲಿಡೋಕೇನ್ ಮುಲಾಮು ಕೊಟ್ಟರು, ಪ್ರಿಗ್ಯಾಬಲಿನ್ 25 ಅನ್ನು ಎರಡು ಹೊತ್ತು ಮಾಡಿದರು. ಈಗ ಅದರಲ್ಲೇ ನಡೆಯುತ್ತಿದೆ. ಅಂದರೆ ಅಮ್ಮನ ಮೈಗೆ ಬೇಕಾಗಿದ್ದುದೇ ಅಷ್ಟು. ಔಷಧಿ ಒಳ್ಳೆಯದೇ, ಅಳತೆ ಅವರದ್ದಾಗಿರಲಿಲ್ಲ.

ಅಂಗಡಿಯ ವಿಷಯ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಹತ್ತರ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಆರು ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಒಮ್ಮೊಮ್ಮೆ ಒಳಗೇನಿದೆ ಅನ್ನುವ ಸಾಲೇ ಇರುವುದಿಲ್ಲ, ಬರೀ ಕಂಪನಿ ಇಟ್ಟ ಹೆಸರು ಉಳಿದಿರುತ್ತದೆ. ಪೂರ್ತಿ ಸ್ಟ್ರಿಪ್ ಕೇಳಿ. ಹೆಸರಿನ ಕೊನೆಯಲ್ಲಿರುವ ಅಕ್ಷರ ನೋಡುವ ಅಭ್ಯಾಸ ಮಾಡಿಕೊಳ್ಳಿ. ಈ ಜೋಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಎಂ ಅಂತಿದ್ದರೆ ಮೀಥೈಲ್‌ಕೋಬಾಲಮಿನ್, ಎನ್‌ಟಿ ಅಂತಿದ್ದರೆ ನಾರ್ಟ್ರಿಪ್ಟಿಲಿನ್ ಸೇರಿಸಿದ್ದಾರೆ ಅಂತ. ಆದರೂ ಹಿಂಬದಿಯ ಸಣ್ಣ ಅಕ್ಷರವೇ ಕೊನೆಯ ಮಾತು. ಕನ್ನಡದಲ್ಲಿ ಒಂದು ಚೀಟಿ? ಕೇಳಲೇ ಬೇಡಿ. ಅಮ್ಮನಂಥವರು ಮಾತ್ರೆಯನ್ನು ಗುರುತು ಹಿಡಿಯುವುದು ಬಣ್ಣದಿಂದ. ಅದಕ್ಕೇ ನಾನು ಈಗ ಪ್ರತಿ ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ ಕನ್ನಡದಲ್ಲಿ ಒಳಗಿನ ಔಷಧಿಯ ಹೆಸರು, ಯಾವುದಕ್ಕೆ, ಯಾವ ಹೊತ್ತಿಗೆ ಅಂತ ಬರೆದಿಡುತ್ತೇನೆ. ಒಂದೇ ಹೆಸರು ಎರಡು ಸ್ಟ್ರಿಪ್ ಮೇಲೆ ಬಂದರೆ ಆಗಲೇ ಗೊತ್ತಾಗಿಬಿಡುತ್ತದೆ.

ಆ ಎಂ ಬಗ್ಗೆ ಇನ್ನೊಂದು ಮಾತು. ಶುಗರ್‌ಗೆ ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಇಳಿಯುತ್ತದೆ, ಬಿ12 ಇಳಿದರೂ ಅಂಗಾಲು ಜುಮ್ಮೆನ್ನುತ್ತದೆ, ಉರಿಯುತ್ತದೆ. ಹಾಗಾಗಿ ಬಿ12 ಬೇಕಾದವರಿಗೆ ಬೇಕೇ. ಆದರೆ ಅದನ್ನು ಬರೀ ಬಿ12 ಆಗಿ ಕೊಡಬಹುದು. ಶಕ್ತಿ ಮಾತ್ರೆ ಅಂತ ಹೇಳಿ ಅದರ ಜೊತೆ ಪ್ರಿಗ್ಯಾಬಲಿನ್ ಸೇರಿಸಿ ಕೊಟ್ಟರೆ, ಮನೆಯವರು ಅದನ್ನು ವಿಟಮಿನ್ ಅಂದುಕೊಂಡು ವರ್ಷಗಟ್ಟಲೆ ನುಂಗಿಸುತ್ತಾರೆ. ನನ್ನ ದೊಡ್ಡ ದೂರು ಇದೇ.

ನರನೋವಿನ ಬೇರೆ ಮಾತ್ರೆಗಳೂ ಕೈಕಾಲಿಗೆ ತೊಂದರೆ ಕೊಡಬಲ್ಲವು. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ಹಳೆಯ ಔಷಧಿಗಳು, ಅಗ್ಗ, ಎಷ್ಟೋ ಜನಕ್ಕೆ ಒಳ್ಳೆಯ ಕೆಲಸ ಮಾಡುತ್ತವೆ. ಇವುಗಳಲ್ಲಿ ಬೆರಳು ನಡುಗುವುದು, ಒಮ್ಮೊಮ್ಮೆ ಮೈ ಎಗರುವುದು ಇದೆ. ಡುಲಾಕ್ಸೆಟಿನ್ ತೆಗೆದುಕೊಳ್ಳುವವರಿಗೆ ನೋವಿಗೆ ಅಂತ ಟ್ರಮಡಾಲ್ ಸೇರಿಸಿದರೆ ನಡುಕ, ಎಗರಾಟ, ಬೆವರು, ಜ್ವರ, ಗಾಬರಿ ಎಲ್ಲ ಒಟ್ಟಿಗೆ ಬರುವ ಸೆರೊಟೋನಿನ್ ತೊಂದರೆ ಆಗಬಹುದು. ಅದು ತುರ್ತಿನದು. ಮುಖದ ನರನೋವಿಗೆ ಕೊಡುವ ಕಾರ್ಬಮಜೆಪಿನ್‌ನಲ್ಲಿ ಸೋಡಿಯಂ ಇಳಿಯುವುದು, ತೂರಾಡುವುದು ಜಾಸ್ತಿ. ಇನ್ನೊಂದು ನರದ ಮಾತ್ರೆಯೇ ಅಲ್ಲ, ಗ್ಯಾಸ್ ಮಾತ್ರೆ. ಅದರ ಜೊತೆ ಲೆವೊಸಲ್ಪಿರೈಡ್ ಸೇರಿಸಿದ್ದು ನಮ್ಮಲ್ಲಿ ಬಹಳ ನಡೆಯುತ್ತದೆ. ಹೊಟ್ಟೆ ಉಬ್ಬರಕ್ಕೆ ಅಂತ ದಿನಾ ನುಂಗಿದರೆ ವಯಸ್ಸಾದವರಲ್ಲಿ ನಿಜವಾದ ಪಾರ್ಕಿನ್ಸನ್ ಥರವೇ ಬಿಗಿತ, ನಡುಕ, ಬಾಯಿ ತಾನಾಗಿ ಅಗಿಯುವುದು ಶುರುವಾಗಬಹುದು. ಡಾಕ್ಟರಿಗೆ ಡಬ್ಬಿ ತೋರಿಸುವಾಗ ಗ್ಯಾಸ್ ಮಾತ್ರೆ ಬಿಡಬೇಡಿ ಅನ್ನುವುದು ಇದಕ್ಕೇ.

ಪ್ರಿಗ್ಯಾಬಲಿನ್‌ನ ಉಳಿದ ತೊಂದರೆಗಳು: ಪಾದ ಊದುವುದು, ತೂಕ ಏರುವುದು, ಬಾಯಿ ಒಣಗುವುದು, ಕಣ್ಣು ಮಂಜಾಗುವುದು. ಗಾಡಿ ಓಡಿಸುವವರು ಶುರುವಿನಲ್ಲಿ ಹುಷಾರು. ಕೆಮ್ಮು ದಮ್ಮು ಇರುವವರು, ವಯಸ್ಸಾದವರು, ನಿದ್ದೆ ಮಾತ್ರೆ ಅಥವಾ ಮಾರ್ಫಿನ್, ಟ್ರಮಡಾಲ್ ಜಾತಿಯ ನೋವಿನ ಮಾತ್ರೆ ನುಂಗುವವರಿಗೆ ಉಸಿರಾಟ ತಗ್ಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಕೆ ಕೊಟ್ಟಿತು. ಬ್ರಿಟನ್‌ನಲ್ಲಿ ಅದೇ ವರ್ಷ ಏಪ್ರಿಲ್‌ನಿಂದ ಈ ಎರಡೂ ಔಷಧಿ ಹಿಡಿತದಲ್ಲಿಡುವ ಪಟ್ಟಿಗೆ ಸೇರಿದವು. ನಮ್ಮಲ್ಲಿ ಹಳೇ ಚೀಟಿ ತೋರಿಸಿದರೆ, ಕೆಲವು ಕಡೆ ಚೀಟಿಯೇ ಇಲ್ಲದಿದ್ದರೂ ಸಿಗುತ್ತದೆ. ಹಾಗೆ ತಂದು ಕೊಡಬೇಡಿ.

ಇಂಥದ್ದು ನಿಮ್ಮ ಮನೆಯಲ್ಲೂ ಆದರೆ ಸುಮ್ನೆ ಬಿಡದೆ ವರದಿ ಮಾಡಿ. ಔಷಧಿಗಳ ಅಡ್ಡಪರಿಣಾಮ ದಾಖಲಿಸಲು 2010ರಿಂದ ಒಂದು ಸರ್ಕಾರಿ ಕಾರ್ಯಕ್ರಮವೇ ಇದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತದೆ. 1800-180-3024 ಅನ್ನುವ ಉಚಿತ ನಂಬರಿಗೆ ರೋಗಿಯ ಮನೆಯವರೂ ಫೋನ್ ಮಾಡಬಹುದು, ಡಾಕ್ಟರೇ ಆಗಬೇಕಿಲ್ಲ. ಸಾಮಾನ್ಯ ಜನ ತುಂಬಿ ಕಳಿಸುವ ಫಾರಂ ಕನ್ನಡದಲ್ಲೂ ಇದೆ. ಯಾವ ಔಷಧಿ, ಎಷ್ಟು ಡೋಸ್, ಯಾವತ್ತು ಶುರು, ಯಾವತ್ತು ತೊಂದರೆ, ನಿಲ್ಲಿಸಿದ ಮೇಲೆ ಏನಾಯಿತು, ಇಷ್ಟೇ ಕೇಳುತ್ತಾರೆ.

ಮತ್ತೆ, ಎಗರುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಅದು ಬರಬೇಕೆಂದೇನಿಲ್ಲ. ಕೈ ಚಾಚಿದಾಗಿನದು ಒಂದು, ಲೋಟ ಹಿಡಿದಾಗಿನದು ಒಂದು, ನಿಂತಾಗಿನದು ಒಂದು. ಬಾಯಲ್ಲಿ "ಕೈ ಒಂಥರಾ ಆಗುತ್ತೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಿಂದಿನ ಮತ್ತು ಈಗಿನ ಕ್ರಿಯಾಟಿನಿನ್ ರಿಪೋರ್ಟ್ ಎರಡೂ ಇರಲಿ, ಶುಗರ್ ರೋಗಿಗಳಲ್ಲಿ ಅದು ವರ್ಷದಲ್ಲೇ ಬದಲಾಗುತ್ತದೆ, ಒಂದು ಜೋರು ಬೇಧಿ ಆದರೂ ಒಂದೇ ವಾರದಲ್ಲಿ ಏರಬಹುದು. ಹೋದ ವರ್ಷ ಸರಿಯಾಗಿದ್ದ ಡೋಸ್ ಈ ವರ್ಷ ಜಾಸ್ತಿಯಾಗಿರಬಹುದು.

ಖರ್ಚು ಜಾಸ್ತಿಯಲ್ಲ. ಜನೌಷಧಿ ಅಂಗಡಿಯಲ್ಲಿ ಇನ್ನೂ ಅಗ್ಗ, ಅಮ್ಮನಿಗೆ ಅಲ್ಲಿಯದನ್ನೂ ಕೊಟ್ಟಿದ್ದೇನೆ, ವ್ಯತ್ಯಾಸ ಕಾಣಲಿಲ್ಲ. ಕಷ್ಟ ಇರುವುದು 25ರ ಕ್ಯಾಪ್ಸೂಲ್ ಸಿಗುವುದರಲ್ಲಿ. 75 ಎಲ್ಲ ಕಡೆ ಇರುತ್ತದೆ, 25 ಅಂದರೆ "ತರಿಸಬೇಕು" ಅನ್ನುತ್ತಾರೆ, ಇಲ್ಲವಾದರೆ 75 ಹಿಡಿದುಕೊಂಡು "ಇದನ್ನೇ ದಿನ ಬಿಟ್ಟು ದಿನ ಕೊಡಿ" ಅಂತ ಸಲಹೆ ಕೊಡುತ್ತಾರೆ. ಒಪ್ಪಿಕೊಳ್ಳಬೇಡಿ. ಕ್ಯಾಪ್ಸೂಲನ್ನು ಮಾತ್ರೆಯಂತೆ ಮುರಿದು ಕೊಡಲೂ ಆಗುವುದಿಲ್ಲ. ಇರುವ ಸ್ಟ್ರಿಪ್ಪಲ್ಲಿ ಇನ್ನೂ ನಾಲ್ಕು ಉಳಿದಿರುವಾಗಲೇ ಅಂಗಡಿಯವರಿಗೆ ಹೇಳಿಟ್ಟರೆ ತರಿಸಿಕೊಡುತ್ತಾರೆ.